ನಮ್ಮಂಥ ಸಣ್ಣವರ ಹತ್ತಿರ ಅವರಿಗೇನು ಕೆಲಸ?

ಸರ್ಕಾರಗಳ ಬೆಂಬಲವಿರುವ ಹ್ಯಾಕರ್‌ಗಳು ರಕ್ಷಣಾ ಕ್ಷೇತ್ರದ ಕಂಪನಿಗಳಿಗೆ ನುಗ್ಗುವ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ತುಂಬಾ ಪತ್ರ ಬಂದಿವೆ. ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ, ಬೇಕಂತಲೇ. ಇಂಥ ಘಟಕಗಳಲ್ಲಿ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಆ ಪತ್ರದಲ್ಲಿರುವ ಮಾತನ್ನು ನಾನು ಪ್ರತಿಯೊಂದು ಕಡೆಯೂ ಕೇಳಿದ್ದೇನೆ.

ಮೇಡಂ, ನಮ್ಮದು ಸಣ್ಣ ಮಷಿನ್ ಶಾಪ್. ದೊಡ್ಡ ಕಂಪನಿಯೊಂದು ಕಳಿಸುವ ಡ್ರಾಯಿಂಗ್ ನೋಡಿ ಬ್ರಾಕೆಟ್, ಫ್ಲಾಂಜ್ ಮಾಡಿಕೊಡುತ್ತೇವೆ. ಅವು ವಿಮಾನಕ್ಕೆ ಹೋಗುತ್ತವೆ ಅಂತ ಗೊತ್ತು, ಎಲ್ಲಿ ಕೂರುತ್ತವೆ ಅಂತ ನಮಗೇ ಗೊತ್ತಿಲ್ಲ. ಯಾವ ಡ್ರಾಯಿಂಗ್ ಮೇಲೂ ‘ಗೋಪ್ಯ’ ಅಂತ ಮುದ್ರೆ ಇಲ್ಲ. ಈಗ ಆ ಕಂಪನಿಯವರು ಸೈಬರ್ ಭದ್ರತೆ ಬಗ್ಗೆ ಪುಟಗಟ್ಟಲೆ ಪ್ರಶ್ನೆಗಳ ಫಾರಂ ಕಳಿಸಿದ್ದಾರೆ. ಎಲ್ಲದಕ್ಕೂ ‘ಹೌದು’ ಅಂತ ಟಿಕ್ ಮಾಡಿ ಕಳಿಸಿ ಅಂತ ನಮ್ಮ ಅಕೌಂಟೆಂಟ್ ಹೇಳ್ತಾರೆ. ಒಂದು ಬ್ರಾಕೆಟ್ ಡ್ರಾಯಿಂಗ್‌ಗಾಗಿ ಬೇರೆ ದೇಶದ ಸರ್ಕಾರ ನಮ್ಮ ಹತ್ತಿರ ಬರುತ್ತಾ?
— ಬಿಡಿಭಾಗ ತಯಾರಿಸುವ ಘಟಕವೊಂದರ ಮಾಲೀಕರು

ಬರುತ್ತೆ ಸರ್. ಬಂದಿದೆ ಕೂಡ.

ಆಸ್ಟ್ರೇಲಿಯಾದಲ್ಲಿ 2016ರಲ್ಲಿ ನಡೆದದ್ದನ್ನು ಕೇಳಿ. ಸುಮಾರು 50 ಜನ ಕೆಲಸ ಮಾಡುವ ಒಂದು ಏರೋಸ್ಪೇಸ್ ಕಂಪನಿ. ರಕ್ಷಣಾ ಇಲಾಖೆಯ ನೇರ ಗುತ್ತಿಗೆದಾರರೂ ಅಲ್ಲ. ಗುತ್ತಿಗೆ, ಅದರ ಕೆಳಗೆ ಉಪಗುತ್ತಿಗೆ, ಹೀಗೆ ನಾಲ್ಕನೇ ಮೆಟ್ಟಿಲಲ್ಲಿ ಇದ್ದವರು. ಇಡೀ ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳಲು ಒಬ್ಬರೇ ಒಬ್ಬರು. ಅವರೂ ಆ ಕೆಲಸಕ್ಕೆ ಸೇರಿ ವರ್ಷ ಆಗಿರಲಿಲ್ಲ. ದೂರು ದಾಖಲಿಸುವ ಹೆಲ್ಪ್‌ಡೆಸ್ಕ್ ಸರ್ವರ್ ಒಂದಕ್ಕೆ ವರ್ಷದಿಂದ ಅಪ್‌ಡೇಟ್ ಹಾಕಿರಲಿಲ್ಲ. ನುಗ್ಗಿದವರು ಅದರ ಮೂಲಕ ಒಳಗೆ ಬಂದರು. ಎಲ್ಲ ಸರ್ವರ್‌ಗಳಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್. ಇಂಟರ್ನೆಟ್‌ಗೆ ತೆರೆದಿದ್ದ ಸೇವೆಗಳಲ್ಲಿ ‘ಅಡ್ಮಿನ್-ಅಡ್ಮಿನ್’, ‘ಗೆಸ್ಟ್-ಗೆಸ್ಟ್’ ಅನ್ನುವ ಲಾಗಿನ್‌ಗಳು ಹಾಗೇ ಇದ್ದವು. ತಿಂಗಳುಗಟ್ಟಲೆ ಒಳಗಿದ್ದು ಸುಮಾರು 30 ಜಿಬಿ ಮಾಹಿತಿ ಹೊತ್ತೊಯ್ದರು. ಅದರಲ್ಲಿ ಎಫ್-35 ಯುದ್ಧವಿಮಾನ, ಪಿ-8 ಕಣ್ಗಾವಲು ವಿಮಾನ, ಸಿ-130 ಸಾಗಣೆ ವಿಮಾನ, ಜೊತೆಗೆ ನೌಕಾಪಡೆಯ ಹಡಗುಗಳಿಗೆ ಸೇರಿದ ಮಾಹಿತಿ ಇತ್ತು. ಕದ್ದವರು ಯಾವ ದೇಶದವರು ಅಂತ ಆಸ್ಟ್ರೇಲಿಯಾ ಸರ್ಕಾರ ಬಹಿರಂಗವಾಗಿ ಹೇಳಲಿಲ್ಲ. ಆದರೆ ಹೋದ ಮಾಹಿತಿ ಯಾರಿಗೆ ಬೇಕಾಗುತ್ತೆ ಅಂತ ನೀವೇ ಯೋಚಿಸಿ.

ಆ ಮಾಹಿತಿಯ ಮೇಲೂ ‘ಗೋಪ್ಯ’ ಅನ್ನುವ ದರ್ಜೆ ಇರಲಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಮುದ್ರೆಯ ಮಾತೇ. ಒಂದು ಡ್ರಾಯಿಂಗ್ ಒಂದೇ ಆಗಿ ನೋಡಿದರೆ ಏನೂ ಅಲ್ಲ, ಸರಿ. ಆದರೆ ಅವರು ನಿಮ್ಮೊಬ್ಬರಿಂದ ಮಾತ್ರ ತೆಗೆದುಕೊಳ್ಳುವುದಿಲ್ಲ. ನಿಮ್ಮ ಫ್ಲಾಂಜ್, ಇನ್ನೊಬ್ಬರ ಸೀಲ್, ಮತ್ತೊಬ್ಬರ ಟೆಸ್ಟ್ ರಿಪೋರ್ಟ್, ಯಾವ ಲೋಹ, ಎಷ್ಟು ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು), ಯಾವ ತಿಂಗಳು ಎಷ್ಟು ಪೀಸ್ ಆರ್ಡರ್. ಇದೆಲ್ಲ ಒಂದು ಕಡೆ ಕೂಡಿದಾಗ ವಿಮಾನ ಏನು ತಡೆದುಕೊಳ್ಳುತ್ತೆ, ಎಷ್ಟು ತಯಾರಾಗುತ್ತಿವೆ ಅನ್ನುವುದು ಗೊತ್ತಾಗಿಬಿಡುತ್ತೆ. ಅಮೆರಿಕದ ನೌಕಾಪಡೆಗೆ 2018ರಲ್ಲಿ ಇದೇ ಆಯಿತು. ಜಲಾಂತರ್ಗಾಮಿಗಳ ಕೆಲಸ ಮಾಡುತ್ತಿದ್ದ ಒಬ್ಬ ಗುತ್ತಿಗೆದಾರರಿಂದ 614 ಜಿಬಿ ಮಾಹಿತಿ ಕಳುವಾಯಿತು. ಅಲ್ಲಿನ ಅಧಿಕಾರಿಗಳು ಚೀನಾ ಸರ್ಕಾರದ ಹ್ಯಾಕರ್‌ಗಳತ್ತ ಬೆರಳು ತೋರಿಸಿದರು. ಆ ಮಾಹಿತಿ ಇದ್ದದ್ದು ಗೋಪ್ಯವಲ್ಲದ, ಮಾಮೂಲಿ ನೆಟ್‌ವರ್ಕ್‌ನಲ್ಲಿ. ಎಲ್ಲ ಒಟ್ಟು ಸೇರಿದರೆ ಅದನ್ನು ಗೋಪ್ಯ ಅಂತಲೇ ಎಣಿಸಬಹುದು ಅಂತ ಆಮೇಲೆ ಅಧಿಕಾರಿಗಳು ಹೇಳಿದರು.

ಇನ್ನೊಂದು ಕಾರಣವೂ ಇದೆ. ನಿಮ್ಮ ಡ್ರಾಯಿಂಗ್ ಅವರಿಗೆ ಬೇಡದೇ ಇರಬಹುದು, ನಿಮ್ಮ ಈಮೇಲ್ ಬೇಕು. ನಿಮ್ಮ ವಿಳಾಸದಿಂದ ‘ಪರಿಷ್ಕೃತ ಡ್ರಾಯಿಂಗ್ ಲಗತ್ತಿಸಿದೆ’ ಅಂತ ಮೇಲ್ ಹೋದರೆ ದೊಡ್ಡ ಕಂಪನಿಯ ಎಂಜಿನಿಯರ್ ಅನುಮಾನ ಪಡದೆ ತೆರೆಯುತ್ತಾರೆ. ಎಷ್ಟೋ ವರ್ಷದಿಂದ ನಿಮ್ಮ ಜೊತೆ ವ್ಯವಹಾರ ಮಾಡಿದವರಲ್ವಾ! ದೊಡ್ಡವರು ಲಕ್ಷಾಂತರ ಡಾಲರ್ ಸುರಿದು ಬಾಗಿಲು ಭದ್ರ ಮಾಡಿಕೊಂಡಿರುತ್ತಾರೆ. ಆ ಬಾಗಿಲನ್ನು ನಿಮ್ಮ ಹೆಸರು ಹೇಳಿ ತೆರೆಸಬಹುದು.

2011ರಲ್ಲಿ ಅಮೆರಿಕದ ದೊಡ್ಡ ರಕ್ಷಣಾ ಕಂಪನಿ ಲಾಕ್‌ಹೀಡ್ ಮಾರ್ಟಿನ್ ಮೇಲಿನ ದಾಳಿ ನಡೆದದ್ದೂ ಬೇರೆಯವರ ಮೂಲಕವೇ. ಲಾಗಿನ್‌ಗೆ ಬೇಕಾದ ಅಂಕಿ ತೋರಿಸುವ ಪುಟ್ಟ ಟೋಕನ್‌ಗಳನ್ನು ಅವರು ಆರ್‌ಎಸ್‌ಎ ಅನ್ನುವ ಭದ್ರತಾ ಕಂಪನಿಯಿಂದ ಕೊಂಡಿದ್ದರು. ಹ್ಯಾಕರ್‌ಗಳು ಮೊದಲು ಆರ್‌ಎಸ್‌ಎಗೆ ನುಗ್ಗಿದರು. ಅಲ್ಲಿನ ಕೆಲವು ನೌಕರರಿಗೆ ‘2011 ನೇಮಕಾತಿ ಯೋಜನೆ’ ಅನ್ನುವ ಎಕ್ಸೆಲ್ ಫೈಲ್ ಇದ್ದ ಮೇಲ್ ಬಂತು. ಜಂಕ್ ಫೋಲ್ಡರ್‌ಗೆ ಹೋಗಿದ್ದ ಅದನ್ನು ಒಬ್ಬರು ಹೊರತೆಗೆದು ತೆರೆದರು. ಅಲ್ಲಿ ಕದ್ದ ಟೋಕನ್ ಮಾಹಿತಿ ಲಾಕ್‌ಹೀಡ್ ಮೇಲಿನ ದಾಳಿಗೆ ಬಳಕೆಯಾಯಿತು.

ಈಗ ಫಾರಂ ವಿಷಯ. ದಯವಿಟ್ಟು ಸುಮ್ನೆ ಟಿಕ್ ಹಾಕಬೇಡಿ. ಅಮೆರಿಕದ ಒಂದು ರಕ್ಷಣಾ ಗುತ್ತಿಗೆ ಕಂಪನಿ ತನ್ನ ಭದ್ರತೆಗೆ ತಾನೇ 110ಕ್ಕೆ 104 ಅಂಕ ಕೊಟ್ಟುಕೊಂಡು ಸರ್ಕಾರಕ್ಕೆ ಸಲ್ಲಿಸಿತು. ಆಮೇಲೆ ಹೊರಗಿನ ಸಲಹೆಗಾರರು ಬಂದು ಲೆಕ್ಕ ಹಾಕಿದಾಗ ಸಿಕ್ಕಿದ್ದು ಮೈನಸ್ 142. ಹೌದು, ಸೊನ್ನೆಗಿಂತ ಕೆಳಗೆ. ಅದು ಗೊತ್ತಾದ ಮೇಲೂ ತಿಂಗಳುಗಟ್ಟಲೆ ಅಂಕ ತಿದ್ದಲಿಲ್ಲ. 2025ರಲ್ಲಿ 46 ಲಕ್ಷ ಡಾಲರ್ ಕೊಟ್ಟು ಆ ಪ್ರಕರಣ ಮುಗಿಸಿಕೊಳ್ಳಬೇಕಾಯಿತು. ಇಲ್ಲದ್ದನ್ನು ಇಲ್ಲ ಅಂತಲೇ ಬರೆಯಿರಿ. ಪಕ್ಕದಲ್ಲಿ ‘ಇಂಥ ತಿಂಗಳೊಳಗೆ ಮಾಡುತ್ತೇವೆ’ ಅಂತ ತಾರೀಕು ಹಾಕಿ. ನಾನೂ ಇಂಥ ಫಾರಂಗಳನ್ನು ತಪಾಸಣೆ ಮಾಡಿದ್ದೇನೆ. ಎಲ್ಲ ಸಾಲಲ್ಲೂ ‘ಹೌದು’ ಇರುವ ಫಾರಂ ಬಂದರೆ ಮೊದಲು ಅದನ್ನೇ ಎತ್ತಿ ಅನುಮಾನದಿಂದ ನೋಡುತ್ತಿದ್ದೆ. ನಾಲ್ಕು ‘ಇಲ್ಲ’, ನಾಲ್ಕು ತಾರೀಕು ಇರುವ ಫಾರಂ ಬಂದರೆ ಇವರು ನಿಜವಾಗಿ ಕೂತು ಓದಿದ್ದಾರೆ ಅನ್ನಿಸುತ್ತಿತ್ತು.

ಎಲ್ಲವನ್ನೂ ಒಂದೇ ಸಲ ಮಾಡಲು ನಿಮ್ಮಿಂದ ಆಗಲ್ಲ, ನನಗೆ ಗೊತ್ತು. ಹಾಗಾದರೆ ಇದರಿಂದ ಶುರು ಮಾಡಿ. ಈಮೇಲ್‌ಗೂ ಹೊರಗಿನಿಂದ ಲಾಗಿನ್ ಆಗುವ ದಾರಿಗೂ ಪಾಸ್‌ವರ್ಡ್ ಜೊತೆ ಎರಡನೇ ತಪಾಸಣೆ (ಫೋನ್‌ನಲ್ಲಿ ಬರುವ ಕೋಡ್‌ನಂಥದ್ದು) ಕಡ್ಡಾಯ ಮಾಡಿ. ಇದೊಂದನ್ನು ಇವತ್ತೇ ಮಾಡಬಹುದು. ಆಮೇಲೆ ಇಂಟರ್ನೆಟ್‌ಗೆ ಮುಖ ಮಾಡಿರುವ ಪೆಟ್ಟಿಗೆಗಳನ್ನು ನೋಡಿ: ರೂಟರ್, ಫೈರ್‌ವಾಲ್, ಸಿಸಿಟಿವಿ ರೆಕಾರ್ಡರ್, ಮಷಿನ್ ಕಂಪನಿಯವರು ದೂರದಿಂದ ರಿಪೇರಿ ಮಾಡಲು ಇಟ್ಟುಹೋದ ರಿಮೋಟ್ ಸಂಪರ್ಕ. ಇವುಗಳ ಅಪ್‌ಡೇಟ್ ಯಾರ ಜವಾಬ್ದಾರಿ ಅಂತ ಒಬ್ಬರ ಹೆಸರು ಬರೆದಿಡಿ. ಹೆಸರಿಲ್ಲದ ಕೆಲಸವನ್ನು ಯಾರೂ ಮಾಡಲ್ಲ. ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಮಷಿನ್‌ಗಳ ನೆಟ್‌ವರ್ಕನ್ನು ಆಫೀಸಿನ ಈಮೇಲ್ ಇರುವ ನೆಟ್‌ವರ್ಕ್‌ನಿಂದ ಬೇರೆ ಮಾಡಿ. ಕೆಲಸ ಮುಗಿದ ಆರ್ಡರ್‌ಗಳ ಡ್ರಾಯಿಂಗ್‌ಗಳನ್ನು ಒಪ್ಪಂದದ ಪ್ರಕಾರ ಹಿಂದಿರುಗಿಸಿ ಅಥವಾ ಅಳಿಸಿ. ಹತ್ತು ವರ್ಷದ ಹಳೇ ಡ್ರಾಯಿಂಗ್‌ಗಳು ಹಂಚಿಕೊಂಡ ಫೋಲ್ಡರಿನಲ್ಲಿ ಬಿದ್ದಿರುವುದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ. ನಿಮ್ಮ ಹತ್ತಿರ ಇಲ್ಲದ್ದನ್ನು ಯಾರೂ ಕದಿಯಲಾರರು.

ನಮ್ಮ ಆಫೀಸಿನ ಎಲ್ಲ ಕಂಪ್ಯೂಟರ್‌ಗಳಲ್ಲೂ ದುಬಾರಿ ಆಂಟಿವೈರಸ್ ಇದೆ. ಒಂದು ಸಲವೂ ಎಚ್ಚರಿಕೆ ಬಂದಿಲ್ಲ. ಆದರೂ ಒಳಗೆ ಯಾರಾದರೂ ಇರಬಹುದಾ? ಇದ್ದು ಏನೂ ಮಾಡದೆ ಸುಮ್ನೆ ಯಾಕೆ ಇರ್ತಾರೆ?
— ನೀರು ಸರಬರಾಜು ಸಂಸ್ಥೆಯೊಂದರ ಉದ್ಯೋಗಿ

ಇರಬಹುದು. ಹಣ ಕೀಳುವ ಕಳ್ಳರು ಬಂದ ಕೂಡಲೇ ಗೊತ್ತಾಗುತ್ತೆ. ಪರದೆ ಮೇಲೆ ಬೆದರಿಕೆ ಬರುತ್ತೆ, ಫೈಲ್ ತೆರೆಯುವುದಿಲ್ಲ. ಸರ್ಕಾರ ಕಳಿಸಿದವರಿಗೆ ಆ ಆತುರ ಇಲ್ಲ, ತಿಂಗಳ ಸಂಬಳ ಬರುತ್ತಿರುತ್ತೆ. ಬೇಕಾದ ದಿನ ಬರುವವರೆಗೆ ಕಾಯುವುದೇ ಅವರ ಕೆಲಸ.

‘ವೋಲ್ಟ್ ಟೈಫೂನ್’ ಅಂತ ಹೆಸರಿಟ್ಟಿರುವ ಗುಂಪಿನ ವಿಷಯ 2023ರ ಮೇ ತಿಂಗಳಲ್ಲಿ ಹೊರಬಿತ್ತು. ಅಮೆರಿಕದ ದೊಡ್ಡ ಸೇನಾ ನೆಲೆಗಳಿರುವ ಗ್ವಾಮ್ ದ್ವೀಪದ ಸಂಪರ್ಕ ವ್ಯವಸ್ಥೆಯೂ ಅದರ ಗುರಿಗಳಲ್ಲಿ ಇತ್ತು. ಇದು ಚೀನಾ ಸರ್ಕಾರದ ಬೆಂಬಲದ ಗುಂಪು ಅಂತ ಅಮೆರಿಕ ಮತ್ತು ಅದರ ಮಿತ್ರದೇಶಗಳು ಹೇಳಿವೆ, ಚೀನಾ ಒಪ್ಪಿಲ್ಲ. ಆ ದೇಶಗಳು 2024ರ ಫೆಬ್ರವರಿಯಲ್ಲಿ ಹೊರಡಿಸಿದ ಎಚ್ಚರಿಕೆ ಪತ್ರದಲ್ಲಿ ಇನ್ನೊಂದು ಸಂಗತಿ ಇತ್ತು. ಕೆಲವು ಕಡೆ ಅವರು ಕನಿಷ್ಠ 5 ವರ್ಷದಿಂದ ಒಳಗಿದ್ದರು. ವಿದ್ಯುತ್, ನೀರು, ಸಾರಿಗೆ, ದೂರಸಂಪರ್ಕ, ಹೀಗೆ ಯುದ್ಧ ಬಂದರೆ ಸೇನೆಗೆ ಮೊದಲು ಬೇಕಾಗುವ ಸೇವೆಗಳೇ ಅವರ ಆಯ್ಕೆ.

ನಿಮ್ಮಂಥದ್ದೇ ಸಂಸ್ಥೆಯ ಉದಾಹರಣೆಯೂ ಇದೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಲಿಟಲ್‌ಟನ್ ಅನ್ನುವ ಸಣ್ಣ ಊರಿನ ವಿದ್ಯುತ್ ಮತ್ತು ನೀರಿನ ಸಂಸ್ಥೆ. 2023ರ ನವೆಂಬರಿನಲ್ಲಿ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನವರು ಫೋನ್ ಮಾಡಿ ಹೇಳುವವರೆಗೆ ಅವರಿಗೆ ಸುಳಿವೇ ಇರಲಿಲ್ಲ. ನೋಡಿದರೆ ಆ ಗುಂಪು 300ಕ್ಕೂ ಹೆಚ್ಚು ದಿನದಿಂದ ಒಳಗಿತ್ತು. ಹುಡುಕುತ್ತಿದ್ದದ್ದು ಗ್ರಾಹಕರ ದುಡ್ಡಲ್ಲ. ವ್ಯವಸ್ಥೆಯನ್ನು ಹೇಗೆ ನಡೆಸುತ್ತಾರೆ ಅನ್ನುವ ಕಾರ್ಯವಿಧಾನ, ವಿದ್ಯುತ್ ಜಾಲದ ನಕ್ಷೆ, ಇಂಥವು.

ಆಂಟಿವೈರಸ್ ಯಾಕೆ ಸುಮ್ಮನಿರುತ್ತೆ ಅಂದರೆ ಇವರು ವೈರಸ್ ತರುವುದೇ ಕಡಿಮೆ. ಯಾರದ್ದೋ ನಿಜವಾದ ಲಾಗಿನ್ ಕದಿಯುತ್ತಾರೆ. ಆಮೇಲೆ ವಿಂಡೋಸ್‌ನಲ್ಲೇ ಇರುವ ಆಡಳಿತದ ಸಾಧನಗಳಿಂದ ಕೆಲಸ ಮಾಡುತ್ತಾರೆ. ಸಂಸ್ಥೆಯ ಎಲ್ಲರ ಪಾಸ್‌ವರ್ಡ್‌ಗಳ ಗುರುತು ಕೂತಿರುವ ಡೇಟಾಬೇಸ್ ಒಂದಿದೆ. ಅದರ ನಕಲು ತೆಗೆಯುವ ಸಾಧನವೂ ವಿಂಡೋಸ್‌ ಜೊತೆಗೇ ಬರುತ್ತೆ. ವೋಲ್ಟ್ ಟೈಫೂನ್ ಬಳಸಿದ್ದು ಅದನ್ನೇ. ಹೊರಗಿನಿಂದ ಬರುವಾಗಲೂ ಮನೆ, ಸಣ್ಣ ಆಫೀಸುಗಳ ಹಳೇ ರೂಟರ್‌ಗಳನ್ನು ವಶ ಮಾಡಿಕೊಂಡು ಅದರ ಮೂಲಕ ಬರುತ್ತಾರೆ. ಹಾಗಾಗಿ ವಿದೇಶದ ವಿಳಾಸ ಕಾಣಿಸುವುದಿಲ್ಲ, ಪಕ್ಕದ ಬೀದಿಯವರು ಲಾಗಿನ್ ಆದ ಹಾಗೆ ಕಾಣುತ್ತೆ.

ಹಾಗಾದರೆ ಹಿಡಿಯುವುದು ಹೇಗೆ? ಲಾಗ್ ಓದಬೇಕು, ಅಂದರೆ ಯಾರು ಯಾವಾಗ ಎಲ್ಲಿಗೆ ಹೋದರು ಅಂತ ಕಂಪ್ಯೂಟರ್ ತಾನಾಗಿ ಬರೆದಿಡುವ ದಾಖಲೆ. ಬೇರೆ ದಾರಿ ಇಲ್ಲ. ಒಂದು ಘಟಕದಲ್ಲಿ ನಾನು ಕಂಡದ್ದು ಇದು: ಡಿಸೈನ್ ವಿಭಾಗದ ಒಬ್ಬರ ಹೆಸರಲ್ಲಿ ನಡುರಾತ್ರಿ ದಾಟಿದ ಮೇಲೆ ಲಾಗಿನ್. ಪಾಸ್‌ವರ್ಡ್ ಮೊದಲ ಸಲವೇ ಸರಿ. ಮುಂದಿನ ಸಾಲಲ್ಲಿ ಅದೇ ಹೆಸರು ಫೈಲ್ ಸರ್ವರ್‌ಗೆ ಹೋಗಿದೆ. ಅದರ ಮುಂದೆ ಬ್ಯಾಕಪ್ ಸರ್ವರ್‌ಗೆ. ಡಿಸೈನ್‌ನವರಿಗೆ ಬ್ಯಾಕಪ್ ಸರ್ವರ್‌ನಲ್ಲಿ ಯಾವ ಕೆಲಸವೂ ಇಲ್ಲ. ಆಮೇಲೆ ಫೈಲ್‌ಗಳನ್ನು ಒತ್ತಿ ಗಂಟು ಕಟ್ಟುವ ವಿನ್‌ರಾರ್ ಓಡಿದೆ, ಒಂದು ಫೋಲ್ಡರನ್ನು ಸಮಗಾತ್ರದ ತುಂಡುಗಳಾಗಿ ಕಟ್ಟಿದೆ. ಹಾಜರಿ ಪುಸ್ತಕ ತರಿಸಿ ನೋಡಿದರೆ ಆ ಹೆಣ್ಣುಮಗಳು ಹೆರಿಗೆ ರಜೆಯಲ್ಲಿದ್ದಾರೆ! ಒಂದೊಂದು ಸಾಲನ್ನೂ ಬೇರೆಯಾಗಿ ನೋಡಿದರೆ ತಪ್ಪಿಲ್ಲ. ಸಾಲುಗಳನ್ನು ಜೋಡಿಸಿ, ಆ ಮನುಷ್ಯರು ಯಾರು, ಅವರ ಕೆಲಸ ಏನು ಅಂತ ಗೊತ್ತಿದ್ದವರು ಓದಿದಾಗ ಮಾತ್ರ ಗೊತ್ತಾಗುತ್ತೆ. ಈ ಕೆಲಸವನ್ನು ಪೂರ್ತಿ ಹೊರಗಿನ ಕಂಪನಿಗೆ ಒಪ್ಪಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ. ಯಾರು ರಜೆಯಲ್ಲಿದ್ದಾರೆ ಅಂತ ಅವರಿಗೆ ಗೊತ್ತಿರಲ್ಲ.

ನಿಮ್ಮ ಲಾಗ್‌ಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ನಾಳೆಯೇ ವಿಚಾರಿಸಿ. ತುಂಬಾ ಕಡೆ 30 ದಿನಕ್ಕೆ ತಾನಾಗಿಯೇ ಅಳಿಸಿಹೋಗುವ ಹಾಗೆ ಬಿಟ್ಟಿರುತ್ತಾರೆ. 300 ದಿನದ ಹಿಂದೆ ಬಂದವರು ಎಲ್ಲಿಂದ ಬಂದರು ಅಂತ ಅದರಲ್ಲಿ ಹೇಗೆ ಸಿಗುತ್ತೆ? ಕನಿಷ್ಠ ಒಂದು ವರ್ಷದ ಲಾಗ್ ಇಡಿ. ಅದೂ ಬೇರೆ ಜಾಗದಲ್ಲಿ, ಮಾಮೂಲಿ ಅಡ್ಮಿನ್ ಲಾಗಿನ್‌ನಿಂದ ಅಳಿಸಲಾಗದ ಹಾಗೆ.

ನನ್ನ ತಮ್ಮ ವಿಮಾನದ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಎಂಜಿನಿಯರ್. ಲಿಂಕ್ಡ್‌ಇನ್‌ನಲ್ಲಿ ವಿದೇಶಿ ಕಂಪನಿಯ ನೇಮಕಾತಿ ಅಧಿಕಾರಿ ಅಂತ ಒಬ್ಬರು ಪರಿಚಯವಾಗಿ, ಸಂಬಳದ ವಿವರ ಇರುವ ಫೈಲ್ ಕಳಿಸಿದ್ದಾರಂತೆ. ಆಫೀಸಿನ ಲ್ಯಾಪ್‌ಟಾಪ್‌ನಲ್ಲೇ ತೆರೆದು ನೋಡಿ ಅಂತ ಒತ್ತಾಯ ಮಾಡ್ತಿದ್ದಾರೆ. ಅವನು ಖುಷಿಯಲ್ಲಿದ್ದಾನೆ. ನನಗೆ ಯಾಕೋ ಸರಿ ಕಾಣ್ತಿಲ್ಲ.
— ಅಕ್ಕ

ನಿಮ್ಮ ಅನುಮಾನ ಸರಿ ಅಮ್ಮಾ. ಆ ಫೈಲ್ ತೆರೆಯಬೇಡ ಅಂತ ಈಗಲೇ ಹೇಳಿ. ತೆರೆದಾಗಿದ್ದರೆ ಇವತ್ತೇ ಆಫೀಸಿನವರಿಗೆ ತಿಳಿಸಲಿ.

2019ರ ಕೊನೆಯ ತಿಂಗಳುಗಳಲ್ಲಿ ಯೂರೋಪ್ ಮತ್ತು ಮಧ್ಯಪ್ರಾಚ್ಯದ ಏರೋಸ್ಪೇಸ್, ಸೇನಾ ಕಂಪನಿಗಳ ನೌಕರರಿಗೆ ಇದೇ ಮಾದರಿಯ ಸಂದೇಶಗಳು ಬಂದವು. ಕಾಲಿನ್ಸ್ ಏರೋಸ್ಪೇಸ್, ಜನರಲ್ ಡೈನಮಿಕ್ಸ್‌ನಂಥ ನಿಜವಾದ ಕಂಪನಿಗಳ ಹೆಸರು ಹೇಳಿಕೊಂಡ ನಕಲಿ ಖಾತೆಗಳು. ಪಾಸ್‌ವರ್ಡ್ ಹಾಕಿದ ಫೈಲ್. ತೆರೆದರೆ ಸಂಬಳದ ಪಟ್ಟಿ ಕಾಣುತ್ತೆ, ಹಿಂದೆ ಬೇರೆ ಕೆಲಸ ಶುರುವಾಗುತ್ತೆ. ಇದನ್ನು ಬಯಲು ಮಾಡಿದ್ದು ಇಸೆಟ್ ಅನ್ನುವ ಭದ್ರತಾ ಕಂಪನಿ, 2020ರ ಜೂನ್‌ನಲ್ಲಿ. ಇಂಥ ನಕಲಿ ಉದ್ಯೋಗದ ಬಲೆಯನ್ನು ಉತ್ತರ ಕೊರಿಯಾದ ಲಾಜರಸ್ ಗುಂಪು ಇವತ್ತಿಗೂ ಬೀಸುತ್ತಿದೆ ಅನ್ನುವುದು ತಜ್ಞರ ಅಭಿಪ್ರಾಯ.

ತಮ್ಮನನ್ನು ಬೈಯಬೇಡಿ. ಇದು ದುರಾಸೆಯ ವಿಷಯ ಅಲ್ಲ, ಒಳ್ಳೆ ಕೆಲಸ ಯಾರಿಗೆ ಬೇಡ? ಅವನ ವಿಭಾಗ, ಅನುಭವ ಎಲ್ಲ ಓದಿಕೊಂಡು ಅವನಿಗಾಗಿಯೇ ಹೆಣೆದ ಬಲೆ ಅದು. ನಿಜವಾದ ನೇಮಕಾತಿ ಅಧಿಕಾರಿ ನೀವು ಈಗ ಕೆಲಸ ಮಾಡುವ ಕಂಪನಿಯ ಲ್ಯಾಪ್‌ಟಾಪ್‌ನಲ್ಲೇ ಫೈಲ್ ತೆರೆಯಿರಿ ಅಂತ ಎಂದಿಗೂ ಕೇಳಲ್ಲ. ಆ ಕಂಪನಿಯ ಅಧಿಕೃತ ಜಾಲತಾಣದಿಂದ ನಂಬರ್ ತೆಗೆದುಕೊಂಡು ಅವರ ಎಚ್‌ಆರ್ ವಿಭಾಗಕ್ಕೆ ಫೋನ್ ಮಾಡಿ, ಇಂಥವರು ನಿಮ್ಮಲ್ಲಿ ಇದ್ದಾರಾ ಅಂತ ಕೇಳಲಿ. ಇನ್ನೊಂದು ಮಾತು. ಯಾವ ವಿಮಾನದ ಯಾವ ಭಾಗದ ಮೇಲೆ ಕೆಲಸ ಮಾಡುತ್ತಾನೆ ಅನ್ನುವುದನ್ನು ಲಿಂಕ್ಡ್‌ಇನ್ ಪುಟದಿಂದ ತೆಗೆದುಹಾಕಲಿ.

ನಾನು ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿದ್ದವನು. ಸೇನೆಯ ಮುಖ್ಯ ಜಾಲಗಳು ಇಂಟರ್ನೆಟ್‌ಗೆ ಸೇರಿರುವುದೇ ಇಲ್ಲ. ತಂತಿಯೇ ಇಲ್ಲದ ಮೇಲೆ ಹ್ಯಾಕರ್ ಎಲ್ಲಿಂದ ಬರ್ತಾನೆ? ಸುಮ್ಮನೆ ಹೆದರಿಸುತ್ತಿದ್ದೀರಿ ಅನ್ನಿಸಿತು.
— ನಿವೃತ್ತ ಸೈನಿಕರು

ಸರ್, ಜಾಲ ಬೇರೆ ಇಡುವುದು ತುಂಬಾ ಒಳ್ಳೆಯ ರಕ್ಷಣೆ. ಆದರೆ ಅದನ್ನು ದಾಟಿದ ಉದಾಹರಣೆಗಳಿವೆ. 2008ರಲ್ಲಿ ಮಧ್ಯಪ್ರಾಚ್ಯದ ಸೇನಾ ನೆಲೆಯೊಂದರಲ್ಲಿ ಅಮೆರಿಕದ ಸೇನಾ ಲ್ಯಾಪ್‌ಟಾಪ್‌ಗೆ ಒಂದು ಪೆನ್‌ಡ್ರೈವ್ ಹಾಕಿದರು. ಅದರಲ್ಲಿದ್ದ, ತಾನಾಗಿ ಹರಡುವ ಕಂಪ್ಯೂಟರ್ ಹುಳ (ಒಂದು ಬಗೆಯ ವೈರಸ್) ಅವರ ಗೋಪ್ಯ ಜಾಲಕ್ಕೂ ಹರಡಿತು. ಸ್ವಚ್ಛ ಮಾಡಲು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಅನ್ನುವ ಹುಳ ಕೂಡ ಹಾಗೇ. ಇರಾನಿನ ನತಾಂಜ್ ಅಣು ಘಟಕ ಇಂಟರ್ನೆಟ್‌ಗೆ ಸೇರಿರಲಿಲ್ಲ. ಆದರೂ ಅಲ್ಲಿ ಯುರೇನಿಯಂ ಸಂಸ್ಕರಿಸಲು ವೇಗವಾಗಿ ತಿರುಗುವ ಸುಮಾರು 1,000 ಯಂತ್ರಗಳು (ಸೆಂಟ್ರಿಫ್ಯೂಜ್‌ಗಳು) ಹಾಳಾದವು ಅಂತ ಅಂದಾಜು. ಯಂತ್ರ ಹದ ತಪ್ಪಿ ತಿರುಗುತ್ತಿದ್ದಾಗ ನಿಯಂತ್ರಣ ಕೊಠಡಿಯ ಪರದೆಗಳು ಎಲ್ಲ ಸರಿಯಿದೆ ಅಂತಲೇ ತೋರಿಸುತ್ತಿದ್ದವು. ಇದರ ಹಿಂದೆ ಅಮೆರಿಕ ಮತ್ತು ಇಸ್ರೇಲ್ ಇದ್ದವು ಅಂತ ವ್ಯಾಪಕವಾಗಿ ವರದಿಯಾಗಿದೆ. ಎರಡೂ ದೇಶಗಳು ಅಧಿಕೃತವಾಗಿ ಒಪ್ಪಿಲ್ಲ. ಈ ವಿದ್ಯೆ ಯಾವುದೋ ಒಂದೇ ದೇಶದ ಕೈಯಲ್ಲಿಲ್ಲ ಅನ್ನುವುದಕ್ಕೂ ಇದನ್ನು ಹೇಳಿದೆ.

ಆದರೆ ನನ್ನ ನಿಜವಾದ ಚಿಂತೆ ಪೆನ್‌ಡ್ರೈವ್ ಬಗ್ಗೆ ಅಲ್ಲ. ಸೇನಾ ನೆಲೆಗೆ ಕರೆಂಟ್ ಎಲ್ಲಿಂದ ಬರುತ್ತೆ? ನೀರು? ಡೀಸೆಲ್ ಸಾಗಿಸುವ ರೈಲು, ಬಂದರಿನ ಕ್ರೇನ್? ಇವೆಲ್ಲ ನಾಗರಿಕ ಸಂಸ್ಥೆಗಳ ಕೈಯಲ್ಲಿವೆ, ಅವು ಇಂಟರ್ನೆಟ್‌ಗೆ ಸೇರಿವೆ. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನ್ ಒಳಗೆ ನುಗ್ಗುವ ಸುಮಾರು ಒಂದು ಗಂಟೆ ಮುಂಚೆ ವಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಉಪಗ್ರಹ ಇಂಟರ್ನೆಟ್ ಸೇವೆಯ ಮೋಡೆಮ್‌ಗಳು ಸತ್ತುಹೋದವು. ಉಕ್ರೇನ್ ಸೇನೆಯೂ ಆ ಸೇವೆ ಬಳಸುತ್ತಿತ್ತು. ಉಪಗ್ರಹಕ್ಕೆ ಯಾರೂ ಕೈ ಹಾಕಲಿಲ್ಲ. ನೆಲದ ಮೇಲಿನ ನಿರ್ವಹಣಾ ಜಾಲದೊಳಗೆ ಸರಿಯಾಗಿ ಹೊಂದಿಸದ ವಿಪಿಎನ್ (ಹೊರಗಿನಿಂದ ಒಳಜಾಲಕ್ಕೆ ಬರುವ ದಾರಿ) ಮೂಲಕ ದಾಳಿಕೋರರು ಹೋದರು. ಅಲ್ಲಿಂದ ಸಾವಿರಾರು ಮೋಡೆಮ್‌ಗಳಿಗೆ ಒಂದೇ ಸಲ ಆದೇಶ ಕಳಿಸಿ ಅವುಗಳ ಮೆಮೊರಿ ಅಳಿಸಿದರು. ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ದೂರನಿಯಂತ್ರಣವೂ ಅದೇ ಹೊಡೆತಕ್ಕೆ ಕಡಿದುಹೋಯಿತು. ಕೊನೆಗೆ ಕಂಪನಿ ಸುಮಾರು 30,000 ಹೊಸ ಮೋಡೆಮ್ ಕಳಿಸಿಕೊಡಬೇಕಾಯಿತು.

ನಿಮ್ಮಂಥವರ ಅನುಭವ ಬೇಕಾಗುವ ಜಾಗವೂ ಇದೇ ಸರ್. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ಕಂಪನಿಗಳ ಮೇಲೆ ದಾಳಿಯಾಯಿತು. ಆಪರೇಟರ್‌ಗಳ ಕಣ್ಣೆದುರೇ ಮೌಸ್ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು, ಅಂದರೆ ಕರೆಂಟ್ ಕಡಿಯುವ ಸ್ವಿಚ್‌ಗಳನ್ನು, ತೆರೆಯಿತು. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ದೂರು ಕೊಡಲು ಫೋನ್ ಮಾಡಿದರೆ ಸಿಗದ ಹಾಗೆ ಕಾಲ್‌ಸೆಂಟರ್‌ಗೆ ಸುಳ್ಳು ಕರೆಗಳ ಸುರಿಮಳೆ ಬೇರೆ. ಆದರೂ ಕೆಲವೇ ಗಂಟೆಗಳಲ್ಲಿ ಕರೆಂಟ್ ವಾಪಸ್ ಬಂತು. ಸಿಬ್ಬಂದಿ ವ್ಯಾನ್ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದರು. ಕೈಯಿಂದ ನಡೆಸುವುದು ಅವರಿಗೆ ಇನ್ನೂ ಮರೆತಿರಲಿಲ್ಲ. ಎಲ್ಲವನ್ನೂ ಪರದೆಗೆ ತಂದು ಹಳೇ ಸ್ವಿಚ್‌ಗಳನ್ನು ಕಿತ್ತುಹಾಕುವ ಸಂಸ್ಥೆಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ. ವರ್ಷಕ್ಕೊಮ್ಮೆಯಾದರೂ ಕಂಪ್ಯೂಟರ್ ಆರಿಸಿ ಅಭ್ಯಾಸ ಮಾಡಬೇಕು.

ದಾಳಿಯಾದ ಕೂಡಲೇ ‘ಇಂಥ ದೇಶವೇ ಮಾಡಿದ್ದು’ ಅಂತ ಟಿವಿಯಲ್ಲಿ ಹೇಳ್ತಾರೆ. ಅಷ್ಟು ಬೇಗ ಹೇಗೆ ಗೊತ್ತಾಗುತ್ತೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ

ಅಷ್ಟು ಬೇಗ ಗೊತ್ತಾಗಲ್ಲ. ಮೊದಲ ದಿನದ ಮಾತನ್ನು ನಂಬಬೇಡಿ. 2018ರ ಪ್ಯಾಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ದಿನ ನಡೆದ ದಾಳಿಯ ಪ್ರೋಗ್ರಾಂನಲ್ಲಿ ಉತ್ತರ ಕೊರಿಯಾದ ಗುಂಪಿನ ಗುರುತುಗಳನ್ನು ಬೇಕಂತಲೇ ಇಟ್ಟಿದ್ದರು. ಅದು ನಕಲಿ ಗುರುತು ಅಂತ ಸಂಶೋಧಕರು ಬಿಡಿಸಿ ನೋಡಿದರು. 2020ರ ಅಕ್ಟೋಬರಿನಲ್ಲಿ ಅಮೆರಿಕ ರಷ್ಯಾದ ಸೇನಾ ಗುಪ್ತಚರ ವಿಭಾಗದ 6 ಅಧಿಕಾರಿಗಳ ಮೇಲೆ ಹೊರಿಸಿದ ಆರೋಪಗಳಲ್ಲಿ ಆ ದಾಳಿಯೂ ಸೇರಿತ್ತು. ಯಾವ ಸರ್ವರ್ ಬಾಡಿಗೆಗೆ ತೆಗೆದುಕೊಂಡರು, ಕೋಡ್ ಯಾವ ಹಳೇ ದಾಳಿಗೆ ಹೋಲುತ್ತೆ, ಕೆಲಸದ ವೇಳೆ ಯಾವ ದೇಶದ ಗಡಿಯಾರಕ್ಕೆ ಹೊಂದುತ್ತೆ, ಇವನ್ನೆಲ್ಲ ಕೂಡಿಸಿ ತಿಂಗಳುಗಟ್ಟಲೆ ನೋಡಬೇಕು.

ಹಾಗೆ ನೋಡುವವರಿಗೆ ಸಾಕ್ಷ್ಯ ಉಳಿದಿರಬೇಕು ಅಷ್ಟೇ. ಭಯದಲ್ಲಿ ಜನ ಮೊದಲು ಮಾಡುವುದೇ ಕಂಪ್ಯೂಟರ್ ಫಾರ್ಮ್ಯಾಟ್! ನೀವು ಈ ಕೆಲಸಕ್ಕೆ ಬರುವವರು, ಈಗಲೇ ಕಲಿತುಕೊಳ್ಳಿ. ನೆಟ್‌ವರ್ಕ್ ಕೇಬಲ್ ತೆಗೆಯಿರಿ, ಪವರ್ ತೆಗೆಯಬೇಡಿ, ಮೆಮೊರಿಯಲ್ಲಿ ಇದ್ದದ್ದು ಹೋಗಿಬಿಡುತ್ತೆ. ಏನು ಕಂಡಿರಿ, ಎಷ್ಟು ಗಂಟೆಗೆ ಅಂತ ಕಾಗದದ ಮೇಲೆ ಬರೆಯಿರಿ. ಮೇಲಧಿಕಾರಿಗೆ ಫೋನ್ ಮಾಡಿ ಹೇಳಿ. ಆಫೀಸಿನ ಈಮೇಲ್‌ನಲ್ಲಿ ಮಾತ್ರ ಬರೆಯಬೇಡಿ, ಅದನ್ನು ಅವರೂ ಓದುತ್ತಿರಬಹುದು.